ಎರಡನೇ ಲೋಟ ಕೇಳಿಸುವ ಪಾನಕ

ಯುಗಾದಿಯಿಂದ ಎಣಿಸಿದರೆ ಒಂಬತ್ತನೆಯ ದಿನ ರಾಮನವಮಿ. ಆ ಹೊತ್ತಿಗೆ ಚೈತ್ರದ ಬಿಸಿಲು ನೆತ್ತಿ ಸುಡಲು ಶುರು ಮಾಡಿರುತ್ತದೆ. ಉಳಿದ ಹಬ್ಬಗಳ ಹಾಗೆ ಅಡುಗೆಮನೆಯಲ್ಲಿ ಬೆವರು ಸುರಿಸಬೇಕಾದ ಹಬ್ಬ ಇದಲ್ಲ. ಹೋಳಿಗೆ ತಟ್ಟಬೇಕಿಲ್ಲ, ಕಡುಬು ಬೇಯಿಸಬೇಕಿಲ್ಲ, ಎಣ್ಣೆ ಬಾಣಲೆ ಇಡಬೇಕಿಲ್ಲ. ಪಾನಕ, ನೀರುಮಜ್ಜಿಗೆ, ಕೋಸಂಬರಿ ಇಷ್ಟಾದರೆ ನೈವೇದ್ಯ ಆದಂತೆ. ಒಲೆಯ ಕೆಲಸವೇನಿದ್ದರೂ ಸಾಸಿವೆ ಒಗ್ಗರಣೆಯಷ್ಟೇ. ಹಳೆ ಮೈಸೂರಿನ ಕಡೆ ಇವುಗಳ ಜೊತೆಗೆ ಬೀಸಣಿಗೆಯನ್ನೂ ದಾನ ಕೊಡುವ ರೂಢಿಯಿದೆ. ಬೇಸಿಗೆಗೆ ಬೇಕಾದದ್ದನ್ನೇ ಕೊಟ್ಟು ಕೊಳ್ಳುವ ಹಬ್ಬ ಇದು.

ಈ ಮೂರರಲ್ಲಿ ಪಾನಕವೇ ಮೇಲು, ಅದೇ ಸುಲಭ, ಕೆಡುವುದೂ ಅದೇ. ಬೆಲ್ಲ ಕರಗಿಸಿ ಏಲಕ್ಕಿ ಹಾಕಿದರೆ ಪಾನಕವಾಯಿತು ಎಂದು ಮಾಡಿದ್ದನ್ನು ಕುಡಿದು ನೋಡಿ: ಒಂದೋ ಪಾಯಸದಷ್ಟು ಸಿಹಿ, ಇಲ್ಲವೇ ಬೆಲ್ಲ ತೊಳೆದ ನೀರಿನಂಥ ಸಪ್ಪೆ. ಪಾನಕ ಹುಟ್ಟಿದ್ದೇ ಬಾಯಾರಿಕೆಗೆ. ಬಿಸಿಲಲ್ಲಿ ನಡೆದು ಬಂದವರು ಗಟಗಟನೆ ಕುಡಿದು ಖಾಲಿ ಲೋಟವನ್ನು ಮತ್ತೆ ಮುಂದಕ್ಕೆ ಚಾಚಬೇಕು. ಕುಡಿದ ಮೇಲೆ ನೀರು ಕೇಳಿದರೆ ಆ ಪಾನಕದಲ್ಲಿ ಸಿಹಿ ಹೆಚ್ಚಾಗಿದೆ ಎಂದೇ ಅರ್ಥ. ಮುಂದೆ ಹೇಳುವ ಅಳತೆಗಳನ್ನೆಲ್ಲ ಈ ಒಂದು ಲೆಕ್ಕದ ಮೇಲೆ ಇಟ್ಟುಕೊಂಡಿದ್ದೇನೆ.

ಬೆಲ್ಲ ನೋಡಿ ಕೊಳ್ಳಿ

ಪಾನಕದ ಮುಕ್ಕಾಲು ಪಾಲು ರುಚಿ ಬೆಲ್ಲದ್ದು. ಹೋಳಿಗೆಯ ಹೂರಣದಲ್ಲಾದರೆ ಬೇಳೆ, ಕಾಯಿ, ತುಪ್ಪ ಸೇರಿ ಬೆಲ್ಲದ ಕುಂದನ್ನು ಮುಚ್ಚುತ್ತವೆ. ಪಾನಕದಲ್ಲಿ ಬೆಲ್ಲಕ್ಕೆ ಮರೆಯಾಗಲು ಜಾಗವೇ ಇಲ್ಲ. ಅಂಗಡಿಯಲ್ಲಿ ಬಂಗಾರದ ಬಣ್ಣಕ್ಕೆ ಹೊಳೆಯುವ ಅಚ್ಚು ಬೆಲ್ಲಕ್ಕೆ ಕೈ ಹೋಗುವುದು ಸಹಜ. ಆದರೆ ಕಬ್ಬಿನ ಹಾಲು ಕಾಯಿಸಿ ಇಳಿಸಿದ ಬೆಲ್ಲ ತಾನಾಗಿ ಅಷ್ಟು ಹಳದಿಯಾಗುವುದು ಕಡಿಮೆ. ಬಣ್ಣ ತಿಳಿಯಾಗಲೆಂದು ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ಬಿಳುಪುಕಾರಕ ಹಾಕುವ ಆಲೆಮನೆಗಳಿವೆ. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಪಾನಕಕ್ಕೆ ಕಂದು ಬಣ್ಣದ, ಮುರಿದಾಗ ಹರಳು ಹರಳಾಗಿ ಒಡೆಯುವ, ಮೂಗಿನ ಹತ್ತಿರ ಹಿಡಿದರೆ ಕಬ್ಬಿನ ವಾಸನೆ ಬರುವ ಬೆಲ್ಲವೇ ಸರಿ. ಒಂದು ಚೂರು ನಾಲಿಗೆಯ ಮೇಲಿಟ್ಟು ನೋಡಿಯೇ ಕೊಳ್ಳಿ. ಉಪ್ಪುಪ್ಪಾಗಿದ್ದರೆ, ಸೋಪಿನ ಹಾಗೆ ಜಾರಿದರೆ ಬೇಡ. ಯಾವ ನಿಂಬೆಹಣ್ಣೂ ಅದನ್ನು ಸರಿ ಮಾಡಲಾರದು.

ಮಂಡ್ಯದ ಅಚ್ಚು ಬೆಲ್ಲ, ಬಾಗಲಕೋಟೆ ಕಡೆಯ ಮಹಾಲಿಂಗಪುರದ ಪೇಟೆಗೆ ಬರುವ ಬೆಲ್ಲ ಎರಡೂ ಪಾನಕಕ್ಕೆ ಚೆನ್ನ. ಮಲೆನಾಡಿನವರ ಮನೆಯಲ್ಲಿ ಜೋನಿ ಬೆಲ್ಲ ಇದ್ದೇ ಇರುತ್ತದೆ. ಕರಗಿಸುವ ಕೆಲಸ ಉಳಿಸುವ ಈ ಬೆಲ್ಲದಿಂದ ಮಾಡಿದ ಪಾನಕಕ್ಕೆ ಬೇರೆಯದೇ ಗಾಢ ರುಚಿ. ಜೋನಿ ಬೆಲ್ಲದಲ್ಲಿ ನೀರಿನ ಅಂಶ ಇರುವುದರಿಂದ ತೂಕದಲ್ಲಿ ಸ್ವಲ್ಪ ಹೆಚ್ಚು ಹಾಕಿಕೊಳ್ಳಿ. ಪ್ಯಾಕೆಟ್ಟಿನ ಬೆಲ್ಲದ ಪುಡಿಯೂ ನಡೆಯುತ್ತದೆ. ಅದನ್ನೂ ಸೋಸುವುದು ಬಿಡಬೇಡಿ.

ಒಂದು ಲೀಟರಿನ ಲೆಕ್ಕ

ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ರಸ ತುಂಬಿದ ಒಂದು ದೊಡ್ಡ ನಿಂಬೆಹಣ್ಣು (ಸಣ್ಣದಾದರೆ ಒಂದೂವರೆ), ಐದು ಏಲಕ್ಕಿ, ಅರ್ಧ ಚಮಚ ಒಣಶುಂಠಿ ಪುಡಿ, ಕಾಲು ಚಮಚ ಕಾಳುಮೆಣಸಿನ ಪುಡಿ, ಎರಡು ಬೆರಳಲ್ಲಿ ಹಿಡಿಯುವಷ್ಟು ಉಪ್ಪು. ಇಷ್ಟರಲ್ಲಿ ಸಣ್ಣ ಲೋಟದಲ್ಲಿ ಆರೇಳು ಜನಕ್ಕೆ ಆಗುತ್ತದೆ. ಎರಡನೇ ಲೋಟವೂ ಖರ್ಚಾಗುತ್ತದೆ ಎಂಬ ಧೈರ್ಯವಿದ್ದರೆ ಎರಡು ಲೀಟರಿಗೇ ಕೈಹಾಕಿ.

ಮೊದಲು ಬೆಲ್ಲ. ಕುಟ್ಟಿ ಪುಡಿ ಮಾಡಿ, ಅಳೆದಿಟ್ಟ ನೀರಿನಲ್ಲಿ ಅರ್ಧದಷ್ಟನ್ನು ಹೊಯ್ದು, ಮುಚ್ಚಿಡಿ. ಅರ್ಧ ಗಂಟೆಯಲ್ಲಿ ತಾನೇ ಕರಗುತ್ತದೆ. ಆತುರಕ್ಕೆ ಒಲೆಯ ಮೇಲಿಟ್ಟು ಕಾಯಿಸುವವರಿದ್ದಾರೆ. ಕಾಯಿಸಿದರೆ ಪಾಕದ ವಾಸನೆ ಹತ್ತಿಕೊಂಡು ಪಾನಕ ಭಾರವಾಗುತ್ತದೆ. ಮನೆಮಟ್ಟಿಗೆ ತಣ್ಣೀರಿನಲ್ಲಿ ಕರಗಿಸಿದ್ದೇ ಹಗುರ. ನೀರಿನ ಮೇಲೆ ನಂಬಿಕೆ ಇಲ್ಲದಿದ್ದರೆ ಹಿಂದಿನ ರಾತ್ರಿಯೇ ನೀರು ಕುದಿಸಿ ಆರಿಸಿಟ್ಟುಕೊಳ್ಳಿ.

ಕರಗಿದ ಮೇಲೆ ಸೌಟಿನಿಂದ ಕದಡದೆ ಐದು ನಿಮಿಷ ಹಾಗೇ ಬಿಡಿ. ಪಾತ್ರೆಯನ್ನು ಮೆಲ್ಲನೆ ಓರೆ ಮಾಡಿದರೆ ತಳದಲ್ಲಿ ಕೂತದ್ದು ಕಾಣುತ್ತದೆ: ಸಣ್ಣ ಮರಳು, ಕಬ್ಬಿನ ನಾರು, ಕಪ್ಪು ಕಸ, ಕೆಲವೊಮ್ಮೆ ಗೋಣಿಯ ಎಳೆ. ಆಲೆಮನೆಯಲ್ಲಿ ಹಾಲು ಕಾಯುವಾಗ ಸುಣ್ಣ ಹಾಕಿ ಕೊಳೆ ತೆಗೆದಿದ್ದರೂ ಅಚ್ಚಿಗೆ ಹೊಯ್ಯುವಾಗ, ಒಣಗಿಸುವಾಗ, ಸಾಗಿಸುವಾಗ ಮತ್ತೆ ಕೊಳೆ ಸೇರುತ್ತದೆ. ಟೀ ಸೋಸುವ ಜಾಲರಿ ಇದಕ್ಕೆ ಸಾಲದು. ತೆಳು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಬೇರೆ ಪಾತ್ರೆಯ ಬಾಯಿಗೆ ಹಾಸಿ, ಮೇಲಿನ ತಿಳಿಯನ್ನು ಮೊದಲು ಹೊಯ್ಯಿರಿ. ತಳದ ಎರಡು ಚಮಚದಷ್ಟನ್ನು ಚೆಲ್ಲಿಬಿಡಿ. ಆ ಎರಡು ಚಮಚದ ಆಸೆಗೆ ಇಡೀ ಪಾನಕ ಹಲ್ಲಿಗೆ ಸಿಕ್ಕುವುದು ಬೇಡ. ಸೋಸಿದ ಮೇಲೆ ಉಳಿದರ್ಧ ನೀರು ಸೇರಿಸಿ ರುಚಿ ನೋಡಿ. ಈ ಹಂತದಲ್ಲಿ ನಾಲಿಗೆಗೆ ಸಿಹಿ ಕೊಂಚ ಮುಂದಿರಬೇಕು. ಹುಳಿ, ಖಾರ ಬಿದ್ದ ಮೇಲೆ ಅದು ಹಿಂದೆ ಸರಿಯುತ್ತದೆ.

ಏಲಕ್ಕಿಯನ್ನು ಕುಟ್ಟಾಣಿಯಲ್ಲಿ ಆಗಲೇ ಕುಟ್ಟಬೇಕು. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತ ಏಲಕ್ಕಿ ಪುಡಿಯಲ್ಲಿ ಧೂಳಿನ ವಾಸನೆಯಲ್ಲದೆ ಇನ್ನೇನೂ ಉಳಿದಿರುವುದಿಲ್ಲ. ಸಿಪ್ಪೆ ಬಿಸಾಡಬೇಡಿ. ಬೆಲ್ಲ ನೆನೆಯಲು ಇಡುವಾಗಲೇ ಅದರಲ್ಲಿ ಹಾಕಿಬಿಟ್ಟರೆ ಘಮ ನೀರಿಗೆ ಇಳಿಯುತ್ತದೆ, ಸೋಸುವಾಗ ಸಿಪ್ಪೆ ಬಟ್ಟೆಯಲ್ಲಿ ಉಳಿಯುತ್ತದೆ. ಮೆಣಸನ್ನು ಮಾತ್ರ ನುಣ್ಣಗೆ ಮಾಡದೆ ತರಿತರಿಯಾಗಿ ಕುಟ್ಟಿ. ನುಣ್ಣನೆ ಪುಡಿ ಗಂಟಲಿಗೆ ಹತ್ತಿ ಮಕ್ಕಳು ಕೆಮ್ಮುತ್ತಾರೆ. ಒಣಶುಂಠಿಯ ಬದಲು ಹಸಿಶುಂಠಿ ಆಗುತ್ತದೆಯೇ ಎಂದು ಕೇಳುವವರುಂಟು. ಆಗುತ್ತದೆ, ರಸ ಹಿಂಡಿ ತಳದ ಬಿಳಿ ಗಸಿ ಬಿಟ್ಟು ಮೇಲಿನದನ್ನು ಹಾಕಬೇಕು. ಆದರೂ ಪಾನಕದ ಗುರುತು ಒಣಶುಂಠಿಯ ಬೆಚ್ಚನೆ ಖಾರವೇ. ಕುಡಿದು ಕ್ಷಣವಾದ ಮೇಲೆ ಎದೆಯಲ್ಲಿ ಇಳಿಯುವ ಆ ಖಾರ ಹಸಿಶುಂಠಿಯಲ್ಲಿ ಬರುವುದಿಲ್ಲ.

ನಿಂಬೆರಸ ಕಟ್ಟಕಡೆಗೆ. ಬೀಜ ಬೀಳದಂತೆ, ಸಿಪ್ಪೆಯ ಕಹಿ ಇಳಿಯುವಷ್ಟು ಗಟ್ಟಿಯಾಗಿ ಹಿಂಡದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಮಕ್ಕಳನ್ನು ಹತ್ತಿರ ಕರೆದು ತೋರಿಸಬೇಕಾದದ್ದು ಇದೇ ಹೊತ್ತಿನಲ್ಲಿ. ರಸ ಬಿದ್ದ ಕಡೆ ಬೆಲ್ಲದ ನೀರಿನ ಕಂದು ತಿಳಿಯಾಗಿ, ಕದಡಿದ ಹಾಗೆಲ್ಲ ಇಡೀ ಪಾತ್ರೆಯ ಬಣ್ಣ ಒಂದು ಪಟ್ಟು ಇಳಿಯುತ್ತದೆ. ಬೆಲ್ಲದಲ್ಲಿರುವ ಕಬ್ಬಿನ ಬಣ್ಣದ ಅಂಶಗಳು ಹುಳಿ ತಾಕಿದಾಗ ತೆಳುವಾಗುತ್ತವೆ, ಟೀಗೆ ನಿಂಬೆ ಹಿಂಡಿದರೆ ಆಗುವುದೂ ಇದೇ. ಹುಳಿ ಬಿದ್ದ ಮೇಲೆ ಪಾನಕವನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಇಡಕೂಡದು. ದೇವರ ಮುಂದೆ ಇಡಲು ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆಯೇ ಬೇಕು ಎನ್ನುವವರು ಒಳಗೆ ಕಲಾಯಿ ಇದೆಯೇ ನೋಡಿಕೊಳ್ಳಿ. ಇಲ್ಲವೆಂದರೆ ಬೆಳ್ಳಿ ಲೋಟವೋ ಸ್ಟೀಲೋ ಆಗಬಹುದು.

ನೈವೇದ್ಯಕ್ಕೆ ಒಂದು ತುಳಸಿದಳ. ಕೆಲವು ಮನೆಗಳಲ್ಲಿ, ಶ್ರೀವೈಷ್ಣವರಲ್ಲಿ ವಿಶೇಷವಾಗಿ, ಪಚ್ಚಕರ್ಪೂರವನ್ನೂ ಹಾಕುತ್ತಾರೆ. ಇಲ್ಲಿ ಕಟ್ಟುನಿಟ್ಟಾಗಿ ಹೇಳಬೇಕಾದ ಮಾತೊಂದಿದೆ. ಆರತಿಗೆ ಹಚ್ಚುವ ಕರ್ಪೂರ ತಿನ್ನುವಂಥದ್ದಲ್ಲ, ಅದು ವಿಷ; ಮಕ್ಕಳಿಗೆ ಇನ್ನೂ ಅಪಾಯ. ತಿನ್ನುವ ಪಚ್ಚಕರ್ಪೂರ ಎಂದು ಬರೆದಿರುವುದನ್ನೇ ತಂದರೂ ಒಂದು ಲೀಟರಿಗೆ ಸಾಸಿವೆ ಕಾಳಿನಷ್ಟು ಸಾಕು. ಪುಟ್ಟ ಮಕ್ಕಳು ಕುಡಿಯುವ ಪಾನಕಕ್ಕೆ ಅದನ್ನು ಹಾಕದಿರುವುದೇ ಒಳ್ಳೆಯದು. ಏಲಕ್ಕಿಯೇ ಇರುವಾಗ ಪರಿಮಳಕ್ಕೆ ಕೊರತೆ ಏನಿಲ್ಲ.

ತಣ್ಣಗಾಗಲು ಮಣ್ಣಿನ ಮಡಕೆಗೆ ಮಿಗಿಲಾದದ್ದು ಕಾಣೆ. ಮಡಕೆಯ ಸಣ್ಣ ರಂಧ್ರಗಳಿಂದ ಒಸರುವ ನೀರು ಗಾಳಿಗೆ ಆರುತ್ತಾ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಬರೀ ನೀರನ್ನು ಮಡಕೆಯಲ್ಲಿ ತಣ್ಣಗೆ ಮಾಡಿಟ್ಟುಕೊಂಡು ಅದರಲ್ಲೇ ಪಾನಕ ಕಲಸುವುದು ಜಾಣತನ. ಪಾನಕವನ್ನೇ ಮಡಕೆಗೆ ಹೊಯ್ದರೆ ಬೆಲ್ಲ ಆ ರಂಧ್ರಗಳಲ್ಲಿ ಕೂತು, ಎಷ್ಟು ತೊಳೆದರೂ ಹುಳಿವಾಸನೆ ಬಿಡುವುದಿಲ್ಲ. ಐಸ್ ಹಾಕುವ ಅಭ್ಯಾಸಕ್ಕೆ ನನ್ನ ಸಮ್ಮತಿಯಿಲ್ಲ. ಅತಿ ತಣ್ಣಗಾದರೆ ನಾಲಿಗೆಗೆ ಸಿಹಿ ತಿಳಿಯುವುದು ಕಡಿಮೆ. ಸಾಲದೆಂದು ಇನ್ನಷ್ಟು ಬೆಲ್ಲ ಸುರಿಯುತ್ತೀರಿ, ಐಸ್ ಕರಗಿದ ಮೇಲೆ ಅದೇ ಪಾನಕ ನೀರಾಗುತ್ತದೆ.

ಕರ್ಬೂಜ, ಬೇಲದ ಹಣ್ಣು

ಬೆಲ್ಲ–ನಿಂಬೆಯ ಪಾನಕವೇ ಮೂಲ ಎಂದುಕೊಂಡರೂ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ರಾಮನವಮಿ ಎಂದರೆ ಕರ್ಬೂಜದ ಪಾನಕ. ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ, ದೇವರಾಜ ಮಾರುಕಟ್ಟೆಯಲ್ಲಿ ಕರ್ಬೂಜದ ರಾಶಿ ಬೀಳುತ್ತದೆ. ತೊಟ್ಟಿನ ಎದುರು ತುದಿಯನ್ನು ಮೂಸಿದಾಗ ಹಣ್ಣಿನ ಘಮ ಬಂದರೆ, ಹೆಬ್ಬೆರಳಲ್ಲಿ ಒತ್ತಿದಾಗ ಅಲ್ಲಿ ಕೊಂಚ ಮೆತ್ತಗಿದ್ದರೆ ಅದು ಪಾನಕಕ್ಕೆ ಬಂದ ಹಣ್ಣು. ಕತ್ತರಿಸುವ ಮುನ್ನ ಸಿಪ್ಪೆಯನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ. ನೆಲದ ಮೇಲೆ ಬೆಳೆದ ಹಣ್ಣಾದ್ದರಿಂದ ಆ ಗೀರುಗೀರು ಸಿಪ್ಪೆಯಲ್ಲಿ ಮಣ್ಣು ಸೇರಿರುತ್ತದೆ, ಚಾಕುವಿನ ಜೊತೆ ಒಳಗಿಳಿಯುತ್ತದೆ. ಎರಡು ಹೋಳು ಮಾಡಿ, ನಡುವಿನ ಬೀಜದ ಲೋಳೆಯನ್ನು ಜಾಲರಿಯ ಮೇಲೆ ಹಾಕಿ ಕೈಯಾಡಿಸಿ. ಕೆಳಗೆ ಇಳಿಯುವ ರಸವೇ ಹಣ್ಣಿನಲ್ಲೆಲ್ಲ ಹೆಚ್ಚು ಘಮದ್ದು. ಬಹಳ ಮಂದಿ ಅದನ್ನು ಬೀಜದ ಜೊತೆ ಎಸೆದುಬಿಡುತ್ತಾರೆ. ತಿರುಳನ್ನು ಚಮಚದಲ್ಲಿ ಕೆರೆದು ಕೈಯಲ್ಲಿ ಕಿವುಚಿ. ಮಿಕ್ಸಿಗೆ ಹಾಕಿದರೆ ನೊರೆ ಬಂದು ಅಗಿಯಲು ಏನೂ ಸಿಗುವುದಿಲ್ಲ. ಒಂದು ಕಿಲೋ ತೂಕದ ಹಣ್ಣಿಗೆ 100 ಗ್ರಾಂ ಬೆಲ್ಲ, ಅರ್ಧ ಲೀಟರ್ ನೀರು, ಏಲಕ್ಕಿ ಸಾಕು. ಶುಂಠಿ, ಮೆಣಸು ಬೇಡ, ಹಣ್ಣಿನ ನವಿರಾದ ವಾಸನೆಯನ್ನು ನುಂಗಿಹಾಕುತ್ತವೆ. ಹಣ್ಣು ಸಪ್ಪೆಯಾಗಿದ್ದರೆ ನಾಲ್ಕು ಹನಿ ನಿಂಬೆ. ಬೀಜವನ್ನು ತೊಳೆದು ಬಿಸಿಲಿಗಿಟ್ಟು ಒಣಗಿಸಿದರೆ ಸಂಜೆ ಮಕ್ಕಳು ಸುಲಿದು ತಿನ್ನುತ್ತಾರೆ.

ಬೇಲದ ಹಣ್ಣು ಈಗಿನ ಮಕ್ಕಳಿಗೆ ಅಪರೂಪ. ಕಲ್ಲಿನಂಥ ಕರಟ, ಒಳಗೆ ಕಂದು ತಿರುಳು, ಹುಳಿ–ಸಿಹಿ ಬೆರೆತ, ಎಲ್ಲೂ ಸಿಗದ ಪರಿಮಳ. ಒಂದಡಿ ಎತ್ತರದಿಂದ ನೆಲಕ್ಕೆ ಬಿಟ್ಟು ನೋಡುವುದು ಹಳಬರ ಪರೀಕ್ಷೆ: ಕಾಯಿ ಪುಟಿಯುತ್ತದೆ, ಹಣ್ಣು ದಪ್ಪನೆ ಬಿದ್ದಲ್ಲೇ ಕೂರುತ್ತದೆ. ಕರಟ ಒಡೆದು, ತಿರುಳನ್ನು ಬೆಲ್ಲದ ಜೊತೆ ಕಿವುಚಿ, ಹತ್ತು ನಿಮಿಷ ಬಿಟ್ಟು, ನೀರು ಬೆರೆಸಿ, ಬೀಜ–ನಾರು ಸೋಸಿ. ಒಂದು ಹಣ್ಣಿಗೆ ಮುಕ್ಕಾಲು ಲೀಟರ್ ನೀರು ಹಿಡಿಯುತ್ತದೆ. ಹುಳಿ ಹಣ್ಣಿನಲ್ಲೇ ಇರುವುದರಿಂದ ನಿಂಬೆ ಬೇಕಿಲ್ಲ, ಏಲಕ್ಕಿಯ ಜೊತೆ ಚಿಟಿಕೆ ಉಪ್ಪು ಹಾಕಲೇಬೇಕು. ಮೂರರಲ್ಲಿ ಒಂದನ್ನು ಆರಿಸು ಎಂದರೆ ನಾನು ಆರಿಸುವುದು ಇದನ್ನೇ.

ಜೊತೆಗಿನ ನೀರುಮಜ್ಜಿಗೆ, ಕೋಸಂಬರಿ ಎಲ್ಲರ ಕೈಗೂ ಪಳಗಿದವು. ಮಜ್ಜಿಗೆಗೆ ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಜಜ್ಜಿದ ಹಸಿಶುಂಠಿ, ಹಸಿಮೆಣಸು, ಕರಿಬೇವು, ಇಂಗು. ಹೆಸರುಬೇಳೆ ಒಂದು ಗಂಟೆ ನೆಂದರೆ ಸಾಕು. ಸೌತೆಕಾಯಿ, ಉಪ್ಪು, ನಿಂಬೆರಸವನ್ನು ಬಡಿಸುವ ಹೊತ್ತಿಗೆ ಸೇರಿಸಿದರೆ ಕೋಸಂಬರಿ ನೀರು ಬಿಡದು.

ಬೀದಿಗೆಲ್ಲ ಹಂಚುವಾಗ

ರಾಮನವಮಿಯ ಪಾನಕ ಮನೆಯೊಳಗೆ ಮುಗಿಯುವುದಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಆಟೋ ನಿಲ್ದಾಣ, ಗಣಪತಿ ಗುಡಿ, ಅಂಗಡಿ ಸಾಲಿನ ಮುಂದೆಲ್ಲ ಚಪ್ಪರ ಹಾಕಿ ಅರವಟ್ಟಿಗೆ ಇಡುತ್ತಾರೆ. ದಾರಿಹೋಕರನ್ನು ಕರೆಕರೆದು ಪಾನಕ, ಮಜ್ಜಿಗೆ, ದೊನ್ನೆಯಲ್ಲಿ ಕೋಸಂಬರಿ ಕೊಡುತ್ತಾರೆ. ಶ್ರೀ ರಾಮಸೇವಾ ಮಂಡಳಿಯವರು 1939ರಲ್ಲಿ ಆರಂಭಿಸಿದ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ನಡೆಯುತ್ತಾ ಬಂದಿರುವ ಸಂಗೀತೋತ್ಸವ ಇದೇ ಹಬ್ಬದ ಸುತ್ತ ಬೆಳೆದದ್ದು. ತೇರಿನ ಬೀದಿಯ ಮನೆಯವರು ಜಾತ್ರೆಗೆ ಬಂದವರಿಗೆ ಪಾನಕ ಕೊಡುವುದು, ಕರಾವಳಿಯಲ್ಲಿ ಮನೆಗೆ ಬಂದವರ ಮುಂದೆ ಮೊದಲು ಬೆಲ್ಲ–ನೀರು ಇಡುವುದು, ಮೊಹರಂನಲ್ಲಿ ಶರಬತ್ತು ಹಂಚುವುದು ಇವೆಲ್ಲದರ ಹಿಂದೆಯೂ ಬಾಯಾರಿ ಬಂದವರಿಗೆ ಬರೀ ನೀರು ಕೊಡಬಾರದೆಂಬ ಕಾಳಜಿಯಿದೆ. ಪಕ್ಕದ ಆಂಧ್ರದ ಮಂಗಳಗಿರಿಯಲ್ಲಂತೂ ಬೆಟ್ಟದ ಮೇಲಿನ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ, ಅರ್ಚಕರು ಶಂಖದಲ್ಲಿ ಸ್ವಾಮಿಯ ಬಾಯಿಗೇ ಎರೆಯುತ್ತಾರೆ. ಪಾನಕಾಲ ನರಸಿಂಹ ಎಂದೇ ಆ ದೇವರ ಹೆಸರು.

ನೂರು ಜನಕ್ಕೆ ತಲಾ 150 ಮಿಲಿಲೀಟರ್ ಎಂದರೆ 15 ಲೀಟರ್ ಪಾನಕ ಬೇಕು. ಹದಿಮೂರೂವರೆ ಲೀಟರ್ ನೀರಿಗೆ ಎರಡು ಕಿಲೋ ಬೆಲ್ಲ, ಸುಮಾರು 15 ದೊಡ್ಡ ನಿಂಬೆಹಣ್ಣು, 15 ಗ್ರಾಂ ಏಲಕ್ಕಿ, ಅಷ್ಟೇ ಒಣಶುಂಠಿ, ಎಂಟು ಗ್ರಾಂ ಮೆಣಸು. ಮನೆಗೆ ಬೇಡವೆಂದ ಕುದಿಸುವ ಕೆಲಸ ಇಲ್ಲಿ ಬೇಕು. ಇಷ್ಟು ಜನ ಕುಡಿಯುವಾಗ ಪಾಕದ ವಾಸನೆಗಿಂತ ಶುಚಿ ದೊಡ್ಡದು. ಬೆಲ್ಲದಷ್ಟೇ ನೀರು ಹಾಕಿ ಒಂದು ಕುದಿ ಬರಿಸಿ, ಸೋಸಿ, ಆರಿಸಿ, ಆಮೇಲೆ ಕುದಿಸಿ ತಣಿಸಿದ ನೀರನ್ನೋ ಕ್ಯಾನಿನ ಕುಡಿಯುವ ನೀರನ್ನೋ ಬೆರೆಸಿ. ಬಣ್ಣ, ರಾಸಾಯನಿಕ ತುಂಬಿದ್ದ ಡ್ರಮ್ಮುಗಳನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬೇಡಿ. ಮೀನು ಕೆಡದಂತೆ ಇಡಲು ಕಾರ್ಖಾನೆಯಲ್ಲಿ ಮಾಡುವ ಐಸ್ ಗಡ್ಡೆ ಕುಡಿಯುವ ನೀರಿನಿಂದ ಮಾಡಿದ್ದಲ್ಲ. ಅದನ್ನು ಪಾನಕಕ್ಕೆ ಹಾಕುವುದನ್ನು ಕಂಡರೆ ನಿಲ್ಲಿಸಿ. ಬಡಿಸುವವರು ಲೋಟವನ್ನು ಪಾತ್ರೆಗೆ ಅದ್ದದೆ ಉದ್ದ ಹಿಡಿಯ ಸೌಟಿನಿಂದಲೇ ಹೊಯ್ಯಬೇಕು, ಪ್ರತಿ ಸಲವೂ ತಳದಿಂದ ಕದಡಿ. ಇಲ್ಲವಾದರೆ ಮೊದಲು ಬಂದವರಿಗೆ ಬರೀ ಸಿಹಿನೀರು, ಕೊನೆಗೆ ಬಂದವರಿಗೆ ತಳದಲ್ಲಿ ಕೂತ ಶುಂಠಿ–ಮೆಣಸಿನ ಖಾರ. ಪ್ಲಾಸ್ಟಿಕ್ ಲೋಟಕ್ಕೆ 2016ರಿಂದಲೇ ರಾಜ್ಯದಲ್ಲಿ ನಿಷೇಧವಿದೆ. ಐವತ್ತು ಸ್ಟೀಲ್ ಲೋಟ, ಎರಡು ಬಕೆಟ್ ನೀರು, ತೊಳೆಯಲು ನಿಂತ ಇಬ್ಬರು ಹುಡುಗರು ಇದ್ದರೆ ಬೀದಿ ಸ್ವಚ್ಛವಾಗಿರುತ್ತದೆ.

ಬೆಲ್ಲವಾದ್ದರಿಂದ ಸಕ್ಕರೆ ಕಾಯಿಲೆಯವರು ಧಾರಾಳವಾಗಿ ಕುಡಿಯಬಹುದು ಎಂಬ ಮಾತು ಹಬ್ಬದ ದಿನ ಕಿವಿಗೆ ಬೀಳುತ್ತಲೇ ಇರುತ್ತದೆ. ದಯವಿಟ್ಟು ನಂಬಬೇಡಿ. ಮೇಲಿನ ಅಳತೆಯ ಒಂದು ಸಣ್ಣ ಲೋಟದಲ್ಲಿ ಇಪ್ಪತ್ತು ಗ್ರಾಂ ಬೆಲ್ಲವಿರುತ್ತದೆ, ಅದರ ಬಹುಪಾಲು ಸಕ್ಕರೆಯೇ. ಅಂಥವರಿಗೆ ಪ್ರಸಾದವೆಂದು ಒಂದು ಉದ್ಧರಣೆ ಪಾನಕ, ಲೋಟದ ತುಂಬ ನೀರುಮಜ್ಜಿಗೆ. ವರ್ಷ ತುಂಬದ ಕೂಸಿಗೂ ಪಾನಕ ಬೇಡ. ಬಿಸಿಲಿಗೆ ಬಳಲಿದವರಿಗೆ ಪಾನಕ ಹಿತ ನಿಜ, ಆದರೆ ವಾಂತಿ–ಭೇದಿಯಾಗಿ ಸುಸ್ತಾದವರಿಗೆ ಕೊಡಬೇಕಾದದ್ದು ಓಆರ್‌ಎಸ್.

ಹೊರದೇಶದಲ್ಲಿರುವ ನಮ್ಮವರಿಗೆ ಎರಡು ಮಾತು. ಅಲ್ಲಿ ಸಿಗುವ ದಪ್ಪ ಹಳದಿ ನಿಂಬೆಗಿಂತ ಹಸಿರು ಲೈಮ್ ನಮ್ಮ ನಿಂಬೆಗೆ ಹತ್ತಿರ. ಏಪ್ರಿಲ್‌ನಲ್ಲೂ ಚಳಿ ಬಿಡದ ಊರಾದರೆ ಪಾನಕವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮಾಡಿ, ಶುಂಠಿ ಒಂದು ಚಿಟಿಕೆ ಮುಂದೆ ಇರಲಿ.

ಒಲೆ, ಬಿಸಿ ಎಣ್ಣೆಯ ಭಯ ಇಲ್ಲದ ಅಡುಗೆಯಾದ್ದರಿಂದ ಮಕ್ಕಳಿಗೆ ಪೂರ್ತಿ ಬಿಟ್ಟುಕೊಡಬಹುದಾದ ಹಬ್ಬದ ಕೆಲಸ ಇದೊಂದೇ. ಏಳೆಂಟು ವರ್ಷದವರಿಗೆ ಏಲಕ್ಕಿ ಕುಟ್ಟಲು, ಬಟ್ಟೆಯ ತುದಿ ಹಿಡಿಯಲು ಕೊಡಿ. ಹದಿನಾಲ್ಕರ ಹುಡುಗನಿಗೋ ಹುಡುಗಿಗೋ ಅಳತೆ ಹೇಳಿ ಪಕ್ಕಕ್ಕೆ ಸರಿದುಬಿಡಿ. ನೈವೇದ್ಯಕ್ಕೆ ಮೊದಲು ರುಚಿ ನೋಡುವುದಿಲ್ಲ ಎನ್ನುವ ಮನೆಯಾದರೆ ದೇವರ ಪಾಲನ್ನು ಮೊದಲೇ ಬೇರೆ ಅಳೆದು ತೆಗೆದಿಟ್ಟು, ಉಳಿದದ್ದರಲ್ಲಿ ಅವರೇ ಹುಳಿ–ಸಿಹಿ ಹೊಂದಿಸಿಕೊಳ್ಳಲಿ.

ಉಳಿದ ಪಾನಕವನ್ನು ಹೊರಗಿಟ್ಟರೆ ಸಂಜೆಯೊಳಗೆ ಮುಗಿಸಬೇಕು. ಬೆಲ್ಲದ ನೀರು ಸೆಕೆಗೆ ಬೇಗ ಹುದುಗುತ್ತದೆ. ಮೇಲೆ ಸಣ್ಣ ಗುಳ್ಳೆ ಕಂಡರೆ, ಮೂಗಿಗೆ ಹುಳಿವಾಸನೆ ಬಡಿದರೆ ಗಿಡದ ಬುಡಕ್ಕೆ ಚೆಲ್ಲಿ. ಫ್ರಿಜ್ಜಿನಲ್ಲಿ ಮಾರನೆಯ ಬೆಳಗಿನವರೆಗೆ ಇರುತ್ತದೆ, ಕರ್ಬೂಜದ್ದು ಅಷ್ಟೂ ತಾಳದು. ಇನ್ನೂ ಹೆಚ್ಚು ದಿನಕ್ಕೆ ಬೇಕೆಂದರೆ ಸೋಸಿದ ಬೆಲ್ಲದ ನೀರನ್ನು ನಿಂಬೆ ಹಾಕದೆ ಕುದಿಸಿ ಗಟ್ಟಿ ಮಾಡಿ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿಗೆ ಸೇರಿಸಿ. ಒಂದು ವಾರದವರೆಗೆ, ಮಧ್ಯಾಹ್ನ ಶಾಲೆಯಿಂದ ಬಂದವರಿಗೆ ಎರಡು ಚಮಚ ಪಾಕ, ಒಂದು ಲೋಟ ನೀರು, ಅರ್ಧ ನಿಂಬೆಹಣ್ಣು.